ನಿಂತಲ್ಲೇ ಪ್ರವಾಸ ಮತ್ತು ನಲವತ್ತು ಜೊತೆ ಚೀಲ

ಔಷಧ ಸಾಗಣೆ ಕಚೇರಿಯ ಮೋಟಾರ್ ಸೈಕಲ್ಲಿಗೆ ಚೀಲವೇ ಇಲ್ಲ ಎಂಬ ಸಂಗತಿ, ಆ ಮೋಟಾರ್ ಸೈಕಲ್ಲು ಆರು ವರ್ಷ ಚೀಲ ಹೊತ್ತುಕೊಂಡು ಬೆಟ್ಟ ಹತ್ತಿ ಇಳಿದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಅಧಿಕೃತವಾಗಿ ಬೆಳಕಿಗೆ ಬಂತು.

ಬೆಳಕಿಗೆ ತಂದವರು ದಾಸ್ತಾನು ತಪಾಸಣೆಗೆ ಬಂದಿದ್ದ ಅಧಿಕಾರಿ. ಅವರು ಕುರ್ಚಿ, ಮೇಜು, ಫ್ಯಾನು, ನೀರಿನ ಹೂಜಿ ಎಲ್ಲವನ್ನೂ ಪುಸ್ತಕದೊಂದಿಗೆ ತಾಳೆ ನೋಡಿ ಮುಗಿಸಿ ಹೊರಗೆ ಬಂದಾಗ, ಗಾಡಿಯ ಎರಡೂ ಪಕ್ಕ ಇಳಿಬಿದ್ದಿದ್ದ ಜೋಡಿ ಚೀಲ ಕಣ್ಣಿಗೆ ಬಿತ್ತು. ಗಾಡಿಯ ಪಕ್ಕದಲ್ಲಿ ಔಷಧ ವಾಹಕ ನಿಂತಿದ್ದ. ಕಚೇರಿಯಲ್ಲೂ ಬೆಟ್ಟದಲ್ಲೂ ಅವನನ್ನು ಎಲ್ಲರೂ ಬೈಕಣ್ಣ ಎಂದೇ ಕರೆಯುವುದು.

"ಇದೇನು?"

"ಚೀಲ ಸಾರ್. ಮಾತ್ರೆ, ಔಷಧ ಇಡೋದು."

"ಪುಸ್ತಕದಲ್ಲಿ ಎಲ್ಲಿದೆ?"

"ಪುಸ್ತಕದಲ್ಲಿಲ್ಲ ಸಾರ್. ಗಾಡಿ ಮೇಲಿದೆ."

"ಪುಸ್ತಕದಲ್ಲಿ ಇಲ್ಲದ್ದು ಗಾಡಿ ಮೇಲೆ ಹೇಗೆ ಬಂತಪ್ಪಾ?"

"ಮೂವತ್ತೆಂಟನೇ ಕಿಲೋಮೀಟರಿನ ದರ್ಜಿ ಅಕ್ಕ ಹೊಲಿದು ಕೊಟ್ಟರು ಸಾರ್. ಸುಮ್ಮನೆ ಕೊಟ್ಟರು."

"ಸುಮ್ಮನೆ," ಎಂದು ಅಧಿಕಾರಿ ಬರೆದುಕೊಂಡರು. ಮೂವತ್ತು ವರ್ಷದ ಸೇವೆಯಲ್ಲಿ ಆ ಪದವನ್ನು ಅವರು ವರದಿಯಲ್ಲಿ ಬರೆದದ್ದು ಅದೇ ಮೊದಲು.

ಈ ಕಚೇರಿಯ ಕೆಲಸ ಒಂದೇ. ಬೆಟ್ಟದ ಮೇಲಿನ ಒಂಬತ್ತು ಹಳ್ಳಿಗಳಲ್ಲಿ ದಿನವೂ ಮಾತ್ರೆ ನುಂಗಿ ಬದುಕಬೇಕಾದವರಿಗೆ ತಿಂಗಳಿಗೊಮ್ಮೆ ಮೂವತ್ತು ದಿನದ ಮಾತ್ರೆ ಮುಟ್ಟಿಸುವುದು. ಹಳ್ಳಿಗಳಿಗೆ ಹೆಸರುಗಳಿವೆ. ಆದರೆ ಕಚೇರಿಯಲ್ಲಿ ಅವನ್ನು ಕಿಲೋಮೀಟರಿನ ಲೆಕ್ಕದಲ್ಲೇ ಕರೆಯುವ ರೂಢಿ. ಹೆಸರು ಬರೆದರೆ ಅಲ್ಲಿ ಜನ ಇದ್ದಾರೆ ಅನ್ನಿಸುತ್ತದೆ. ಕಿಲೋಮೀಟರು ಬರೆದರೆ ಬರೀ ದೂರ ಅನ್ನಿಸುತ್ತದೆ. ಅದರಿಂದ ಕೆಲಸಕ್ಕೆ ಸಲೀಸು.

ಮೂವತ್ತೆಂಟನೇ ಕಿಲೋಮೀಟರಿನ ದರ್ಜಿ ಹೆಂಗಸಿಗೆ ಹನ್ನೊಂದು ವರ್ಷದ ಮಗಳಿದ್ದಾಳೆ. ಹುಡುಗಿಗೆ ಮೂರ್ಛೆ ರೋಗ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ತೆಗೆದುಕೊಂಡರೆ ಎಲ್ಲ ಮಕ್ಕಳಂತೆ ಮರ ಹತ್ತುತ್ತಾಳೆ. ತೆಗೆದುಕೊಳ್ಳದಿದ್ದರೆ ನಿಂತಲ್ಲೇ ಬೀಳುತ್ತಾಳೆ. ಆರು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಬೈಕಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೋದ ಮಾತ್ರೆಗಳು ನೀರು ಹೊಕ್ಕು ಹಿಟ್ಟಾಗಿದ್ದವು. ಆ ಹಿಟ್ಟನ್ನು ಕೈಯಲ್ಲಿ ಹಿಡಿದು ನೋಡಿದ ತಾಯಿ, ಅವನಿಗೆ ಕೂರಲು ಹೇಳಿ, ಹಳೇ ಡೇರೆ ಬಟ್ಟೆಯೊಂದನ್ನು ಕತ್ತರಿಸಿ, ಕೈ ಮಿಷನ್ನಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಆ ಜೋಡಿ ಚೀಲ ಹೊಲಿದುಬಿಟ್ಟಿದ್ದಳು. ತಳಕ್ಕೆ ಎರಡೆಳೆ ದಾರದ ಜೋಡಿ ಹೊಲಿಗೆ, ಬಾಯಿಗೆ ಎರಡು ಸುತ್ತಿನ ಮಡಿಕೆ, ಸೈಲೆನ್ಸರಿನ ಕಡೆ ಎರಡು ಬೆರಳು ಮೇಲೆ. ಆರು ಮಳೆಗಾಲದಲ್ಲಿ ಒಂದು ಹನಿ ಒಳಗೆ ಹೋಗಿರಲಿಲ್ಲ.

ಇದು ಗಂಭೀರ ಲೋಪವೆಂದು ವರದಿಯಾಯಿತು. ಚೀಲವನ್ನು ಬಿಚ್ಚಿ, ಅರಗಿನ ಮುದ್ರೆ ಒತ್ತಿ, ಕಬ್ಬಿಣದ ಬೀರುವಿನಲ್ಲಿ ಇಟ್ಟು ಬೀಗ ಹಾಕಲಾಯಿತು. ಮಂಜೂರಾದ ಚೀಲ ಬರುವವರೆಗೆ ಗಾಡಿ ಕಚೇರಿಯ ಗೇಟು ದಾಟಕೂಡದೆಂದು ಆದೇಶವಾಯಿತು. ಬೈಕಣ್ಣ ಅದರ ಹಿಂದಿನ ದಿನವಷ್ಟೇ ಒಂಬತ್ತೂ ಹಳ್ಳಿಗೆ ಮಾತ್ರೆ ಕೊಟ್ಟು ಬಂದಿದ್ದ. ಆದ್ದರಿಂದ ಕಚೇರಿಯ ಕೈಯಲ್ಲಿ ಭರ್ತಿ ಮೂವತ್ತು ದಿನವಿತ್ತು.

ಮೂವತ್ತು ದಿನವನ್ನು ವ್ಯರ್ಥ ಮಾಡಲಿಲ್ಲ. ಮೊದಲ ವಾರದಲ್ಲೇ ಚೀಲ ಆಯ್ಕೆ ಸಮಿತಿ ರಚನೆಯಾಯಿತು. ಏಳು ಸದಸ್ಯರು, ದೊಡ್ಡ ಸಾಹೇಬರು ಅಧ್ಯಕ್ಷರು. ಏಳರಲ್ಲಿ ಆರು ಜನಕ್ಕೆ ಮೋಟಾರ್ ಸೈಕಲ್ಲು ಓಡಿಸಲು ಬರುತ್ತಿರಲಿಲ್ಲವಾದ್ದರಿಂದ ಪಕ್ಷಪಾತಕ್ಕೆ ಎಡೆಯಿರಲಿಲ್ಲ. ಓಡಿಸಲು ಬರುತ್ತಿದ್ದ ಒಬ್ಬರು ದೀರ್ಘ ರಜೆಯಲ್ಲಿದ್ದರು. ವಿಷಯ ತಜ್ಞರಾಗಿ ದೊಡ್ಡ ಸಾಹೇಬರ ಭಾಮೈದ ಬಂದರು. ಅವರು ಹಿಂದೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ಸಮುದ್ರದ ದಡದವರೆಗೆ ಲಾಂಗ್ ಟೂರು ಹೋಗಿದ್ದವರು. ಬರುವಾಗ ರೈಲಿನಲ್ಲಿ ಬಂದರು, ಏಕೆಂದರೆ ಪಕ್ಕದ ಚೀಲ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡು ಬಟ್ಟೆಬರೆಯೆಲ್ಲ ಸುಟ್ಟುಹೋಗಿತ್ತು. ಚೀಲದ ವಿಚಾರದಲ್ಲಿ ಇಷ್ಟು ಆಳವಾದ ಅನುಭವ ಇರುವವರು ಇನ್ನೊಬ್ಬರು ಸಿಗುವುದು ಕಷ್ಟ ಎಂದು ಸಮಿತಿ ನಡಾವಳಿಯಲ್ಲಿ ದಾಖಲಿಸಿತು. ಅವರು ಅದೇ ತಿಂಗಳು ಚೀಲದ ಅಂಗಡಿ ತೆರೆದಿದ್ದರಿಂದ ಮಾದರಿಗಳಿಗೆ ಬೇರೆಲ್ಲೂ ಅಲೆಯಬೇಕಾಗಲಿಲ್ಲ.

ಮಾದರಿಗಳು ನಾಲ್ಕು ಬಗೆಯವು. ಸೀಟಿನ ಎರಡೂ ಪಕ್ಕ ಇಳಿಬೀಳುವ ಜೋಡಿ ಚೀಲ. ಹಿಂದಿನ ಸೀಟಿಗೆ ಕಟ್ಟುವ ದುಂಡು ಚೀಲ. ಪೆಟ್ರೋಲ್ ಟ್ಯಾಂಕಿನ ಮೇಲೆ ಅಯಸ್ಕಾಂತದಿಂದ ಕೂರುವ ಚೀಲ. ಮತ್ತೆ ಬೀಗವಿರುವ ಅಲ್ಯೂಮಿನಿಯಂ ಪೆಟ್ಟಿಗೆ. ಪ್ರತಿ ಬಗೆಯದನ್ನೂ ಏಳೂ ಸದಸ್ಯರು ಒಂದೊಂದರಂತೆ ಮನೆಗೆ ಕೊಂಡೊಯ್ದು ಹದಿನೈದು ದಿನ ಬಾಳಿಕೆ ಪರೀಕ್ಷೆ ನಡೆಸಿದರು. ರಜೆಯಲ್ಲಿದ್ದವರ ಮನೆಗೂ ಪಾಲು ತಲುಪಿಸಲಾಯಿತು.

ವರದಿಗಳು ವಿವರವಾಗಿದ್ದವು. ಸಿಬ್ಬಂದಿ ವಿಭಾಗದ ಮೇಡಂ ಬರೆದರು: "ಅಯಸ್ಕಾಂತದ ಚೀಲ ನಮ್ಮ ಫ್ರಿಜ್ಜಿನ ಬಾಗಿಲಿಗೆ ಹದಿನೈದು ದಿನ ಅಂಟಿಕೊಂಡಿತ್ತು. ಬಾಗಿಲು ತೆಗೆದು ಹಾಕಿದರೂ ಬೀಳಲಿಲ್ಲ. ಬೆಟ್ಟದ ತಿರುವಿಗೆ ಯೋಗ್ಯ." ಉಗ್ರಾಣದ ಗುಮಾಸ್ತರು ಬರೆದರು: "ಪೆಟ್ಟಿಗೆಯ ಮೇಲೆ ನಮ್ಮ ಅತ್ತೆಯವರು ಕೂತು ಟಿವಿ ನೋಡಿದರು. ಅವರು ಏಳುವವರೆಗೂ ಅದು ತಡೆಯಿತು. ಅವರು ಬೇಗ ಏಳುವವರಲ್ಲ." ಯಾವ ಮಾದರಿಯೂ ವಾಪಸು ಬರಲಿಲ್ಲ. ಪರೀಕ್ಷೆ ಮುಂದುವರಿದಿದೆ ಎಂದು ಎಲ್ಲರೂ ತಿಳಿಸಿದರು.

ಒಂದು ಸಭೆಗೆ ಬೈಕಣ್ಣನನ್ನೂ ಕರೆದಿದ್ದರು. ಬಳಕೆದಾರರ ಅಭಿಪ್ರಾಯ ಪಡೆಯತಕ್ಕದ್ದು ಎಂದು ನಿಯಮವಿದೆ. ಪಡೆದ ಮೇಲೆ ಏನು ಮಾಡಬೇಕೆಂದು ನಿಯಮವಿಲ್ಲ.

"ಎರಡು ಕಡೆ ತೂಕ ಸಮ ಕೂರಬೇಕು ಸಾರ್," ಅಂದ ಅವನು. "ಬಾಯಿ ಅಗಲ ಇರಬೇಕು, ಗ್ಲೌಸ್ ಹಾಕಿದ ಕೈಯಲ್ಲೇ ತೆಗೆಯೋ ಹಾಗೆ. ನೀರು ಹೋಗಬಾರದು. ಸೈಲೆನ್ಸರಿಗೆ ತಾಗಬಾರದು. ಬೀರುವಿನಲ್ಲಿ ಇರೋದು ಹಾಗೇ ಇದೆ ಸಾರ್."

"ಬೀರುವಿನಲ್ಲಿ ಇರೋದು ಚೀಲ ಅಲ್ಲ ಕಣಯ್ಯ," ಅಂದರು ದೊಡ್ಡ ಸಾಹೇಬರು. "ಅದು ಸಾಕ್ಷಿ."

"ಹೊಸಾದು ಬರೋವರೆಗೆ ಸಾಕ್ಷೀನೇ ಕಟ್ಕೊಂಡು ಹೋಗ್ತೀನಿ ಸಾರ್. ಮೂರನೇ ತಾರೀಕಿಗೆ ಬೆಟ್ಟದ ಮೇಲಿನವರ ಮಾತ್ರೆ ಮುಗಿಯುತ್ತೆ."

"ಮುಗಿಯೋದು ಆರೋಗ್ಯದ ವಿಷಯ. ಇದು ಚೀಲದ ಸಮಿತಿ."

ಅಂತೂ ಮನೆ ಪರೀಕ್ಷೆಗಳ ಬಳಿಕ ಉಳಿದದ್ದು ಅಂತಿಮ ಪರೀಕ್ಷೆ. ಪ್ರವಾಸದ ಚೀಲವನ್ನು ಪ್ರವಾಸದಲ್ಲೇ ಪರೀಕ್ಷಿಸಬೇಕು. ಆದರೆ ಪರೀಕ್ಷೆಯಾಗಿ ಮಂಜೂರಾದ ಚೀಲವಿಲ್ಲದೆ ಗಾಡಿ ಗೇಟು ದಾಟುವಂತಿಲ್ಲ. ಇಲ್ಲಿ ಒಂದು ತೊಡಕು ಇದೆಯೆಂದು ಸಮಿತಿ ಒಂದು ವಾರ ಕೂತು ಪತ್ತೆಹಚ್ಚಿತು. ಮೂವತ್ತೊಂದನೇ ದಿನ ಆದೇಶ ಹೊರಬಿತ್ತು:

"ಚೀಲದ ಪರೀಕ್ಷೆಗೆ ಪ್ರವಾಸ ಅಗತ್ಯ. ಪ್ರವಾಸಕ್ಕೆ ಪರೀಕ್ಷಿತ ಚೀಲ ಅಗತ್ಯ. ಎರಡೂ ಅಗತ್ಯಗಳನ್ನು ಸಮಾನವಾಗಿ ಗೌರವಿಸಿ, ಪ್ರವಾಸವನ್ನು ಕಚೇರಿಯ ಸಭಾಂಗಣದಲ್ಲಿ ಕೈಗೊಳ್ಳತಕ್ಕದ್ದು."

ಗಾಡಿಯನ್ನು ಮೆಟ್ಟಿಲ ಮೇಲೆ ಹಲಗೆ ಹಾಸಿ ಸಭಾಂಗಣಕ್ಕೆ ತಂದು, ಭಾಮೈದನ ಅಂಗಡಿಯಿಂದ ಮತ್ತೆ ತರಿಸಿದ ಜೋಡಿ ಚೀಲ ಕಟ್ಟಿದರು. ಹೊಗೆಯಾಗುತ್ತದೆಂದು ಎಂಜಿನ್ ಚಾಲೂ ಮಾಡುವಂತಿರಲಿಲ್ಲ. ಎಂಜಿನ್ ಇಲ್ಲದೆ ಕಿಲೋಮೀಟರು ಹೇಗೆ ಎಂಬ ಪ್ರಶ್ನೆ ಬಂದಾಗ, ಮೀಟರಿನ ತಂತಿ ಮುಂದಿನ ಚಕ್ರಕ್ಕೆ ಇರುವುದನ್ನು ಹಿರಿಯ ಜವಾನರು ತೋರಿಸಿಕೊಟ್ಟರು. ಆ ತಪ್ಪಿಗೆ ಕೆಲಸ ಅವರ ಮೇಲೆಯೇ ಬಿತ್ತು. ಮುಂದಿನ ಚಕ್ರವನ್ನು ಇಟ್ಟಿಗೆ ಕೊಟ್ಟು ನೆಲದಿಂದ ಎತ್ತಿ ನಿಲ್ಲಿಸಿ, ಅವರು ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಚಕ್ರವನ್ನು ಕೈಯಿಂದ ತಿರುಗಿಸತೊಡಗಿದರು. ಮೀಟರು ಓಡಿತು. ಮಳೆಗೆ ಬದಲಾಗಿ ಹೂಗಿಡಕ್ಕೆ ನೀರು ಹಾಕುವ ಝಾರಿಯಿಂದ, ನೆಲದ ಹೊಳಪು ಕೆಡದಷ್ಟು, ಚೀಲದ ಮೇಲೆ ಚಿಮುಕಿಸುವುದೆಂದಾಯಿತು. ನಿಜವಾದ ಪ್ರವಾಸಕ್ಕೆ ನಿಜವಾದ ಹೊರೆ ಬೇಕೆಂದು ಒಂಬತ್ತೂ ಹಳ್ಳಿಯ ಆ ತಿಂಗಳ ಮಾತ್ರೆಗಳನ್ನು ಚೀಲಕ್ಕೆ ತುಂಬಿ, ಬಾಯಿಗೆ ಸಮಿತಿಯ ಮುದ್ರೆ ಹಾಕಿದರು. ಆಯಾ ಹಳ್ಳಿ ತಲುಪಿದಾಗ ಮಾತ್ರ ಮುದ್ರೆ ಒಡೆಯುವುದು.

ಬೈಕಣ್ಣ ಹೆಲ್ಮೆಟ್ ಹಾಕಿಕೊಂಡು ಹತ್ತು ಗಂಟೆಗೆ ಗಾಡಿ ಹತ್ತಿ ಕೂತ. ಸಭಾಂಗಣದ ಗೋಡೆಯ ಕಡೆಗೆ ಅವನ ಪ್ರಯಾಣ ಶುರುವಾಯಿತು.

ಪ್ರವಾಸದಲ್ಲಿರುವ ನೌಕರ ಊರಿನೊಳಗೆ ಕಾಣಿಸಿಕೊಂಡರೆ ಶಿಸ್ತುಕ್ರಮ. ಆದ್ದರಿಂದ ಮಧ್ಯಾಹ್ನ ಅವನು ಹೊರಗೆ ಬರುವಂತಿರಲಿಲ್ಲ. ಅವನ ಹೆಂಡತಿ ದಿನವೂ ಬುತ್ತಿ ತಂದು ಕಿಟಕಿಯಲ್ಲಿ ಕೊಡುತ್ತಿದ್ದಳು. ಮೂರನೇ ದಿನದ ಪ್ರವಾಸ ಡೈರಿಯಲ್ಲಿ ಆಕೆಯನ್ನು "ಏಳನೇ ಕಿಲೋಮೀಟರಿನ ದಾರಿಬದಿ ಹೋಟೆಲಿನವರು" ಎಂದು ನಮೂದಿಸಲಾಯಿತು.

"ಏನ್ರೀ, ಎಲ್ಲಿದ್ದೀರಿ?"

"ಏಳನೇ ಕಿಲೋಮೀಟರು."

"ಸಂಜೆ ಬರ್ತಾ ಗ್ಯಾಸ್ ಸಿಲಿಂಡರಿಗೆ ಹೇಳಿ ಬನ್ನಿ."

"ಅದು ಊರೊಳಗೆ ಕಣೇ. ನಾನು ಊರಲ್ಲಿಲ್ಲ."

"ಸರಿ ಬಿಡಿ, ನಾನೇ ಹೇಳ್ತೀನಿ. ಹುಷಾರಾಗಿ ಓಡಿಸಿ."

ಮೂರು ದಿನದಲ್ಲಿ ಗಾಡಿ ಒಂಬತ್ತು ಕಿಲೋಮೀಟರು ದಾಟಿತು. ಹಿರಿಯ ಜವಾನರಿಗೆ ಐವತ್ತೊಂಬತ್ತು ವರ್ಷ, ಬಲ ಭುಜ ಹಿಡಿದುಕೊಂಡಿತ್ತು. ಅವರು ಎಡಗೈಯಲ್ಲಿ ತಿರುಗಿಸುತ್ತಿದ್ದರು. ಮೂವತ್ತನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ದರ್ಜಿ ಹೆಂಗಸು ಸಭಾಂಗಣದ ಬಾಗಿಲಲ್ಲಿ ನಿಂತಳು. ಕತ್ತಲಿರುವಾಗಲೇ ಮನೆ ಬಿಟ್ಟು, ಹದಿನಾಲ್ಕನೇ ಕಿಲೋಮೀಟರಿನವರೆಗೆ ನಡೆದು, ಅಲ್ಲಿಂದ ಹಾಲಿನ ವ್ಯಾನಿನಲ್ಲಿ ಬಂದಿದ್ದಳು. ಮಗಳನ್ನು ಪಕ್ಕದ ಮನೆಯಲ್ಲಿ ಮಲಗಿಸಿ ಬಂದಿದ್ದಳು. ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ಹಿಂದಿನ ದಿನ ಹುಡುಗಿ ಒಲೆಯ ಪಕ್ಕ ಬಿದ್ದು ಮುಂದಿನ ಹಲ್ಲು ಅರ್ಧ ಮುರಿದಿತ್ತು.

ಅವಳು ಒಳಗೆ ನೋಡಿದಳು. ಬೈಕಣ್ಣ ಗಾಡಿಯ ಮೇಲಿದ್ದ. ಚೀಲ ಗಾಡಿಯ ಪಕ್ಕದಲ್ಲಿತ್ತು. ಬಾಗಿಲಿಂದ ಚೀಲಕ್ಕೆ ಎಂಟು ಹೆಜ್ಜೆ.

"ಬೈಕಣ್ಣ, ಗಾಡಿ ಕೆಟ್ಟಿದೆಯಾ?"

"ಇಲ್ಲಕ್ಕ. ಬರ್ತಾ ಇದ್ದೀನಿ."

"ಎಲ್ಲಿಗೆ?"

"ನಿಮ್ಮೂರಿಗೆ."

ಅವಳು ಗೋಡೆ ನೋಡಿದಳು, ಇಟ್ಟಿಗೆ ನೋಡಿದಳು, ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಚಕ್ರ ತಿರುಗಿಸುತ್ತಿದ್ದ ಜವಾನರನ್ನು ನೋಡಿದಳು. "ನಾನೇ ಬಂದಿದ್ದೀನಲ್ಲಪ್ಪಾ. ಕೊಡು."

ಬೈಕಣ್ಣ ಚೀಲಕ್ಕೆ ಕೈ ಹಾಕಿದ. ಉಗ್ರಾಣದ ಗುಮಾಸ್ತರು ಎದ್ದು ನಿಂತರು. "ಕೈ ತೆಗೀರಿ. ನೀವಿನ್ನೂ ಒಂಬತ್ತನೇ ಕಿಲೋಮೀಟರಿನಲ್ಲಿದ್ದೀರಿ. ಮೂವತ್ತೆಂಟರಲ್ಲಿ ಕೊಡಬೇಕಾದ ಮಾತ್ರೆ ಒಂಬತ್ತರಲ್ಲಿ ಕೊಟ್ಟರೆ ಅದು ದುರುಪಯೋಗ. ಮುದ್ರೆ ಬೇರೆ ಇದೆ."

"ಯಾವಾಗ ತಲುಪುತ್ತೀರಿ ಸ್ವಾಮಿ?" ಅವಳು ಕೇಳಿದಳು.

"ಈ ವೇಗದಲ್ಲಿ ಹತ್ತು ದಿನ. ಜವಾನರ ಭುಜ ಸರಿಹೋದರೆ ಬೇಗ."

ದರ್ಜಿ ಹೆಂಗಸು ಒಳಗೆ ಬಂದು, ಜವಾನರ ಹೆಗಲು ಮುಟ್ಟಿ, "ಏಳಿ ಅಣ್ಣಾ" ಅಂದಳು. ಹದಿನೆಂಟು ವರ್ಷ ಕೈ ಮಿಷನ್ನಿನ ಚಕ್ರ ತಿರುಗಿಸಿದ ಕೈ ಅದು. ಸ್ಟೂಲಿನ ಮೇಲೆ ಕೂತಳು. ಟೈರನ್ನು ಅಂಗೈಯಿಂದ ತಳ್ಳದೆ, ಮಣಿಕಟ್ಟಿನಿಂದ ಚಕ್ರದ ಕಡ್ಡಿಗಳಿಗೆ ಸಣ್ಣ ಸಣ್ಣ ಏಟು ಕೊಟ್ಟಳು. ಚಕ್ರ ಗುಂಯ್ ಎಂದಿತು. ಮೀಟರಿನ ಮುಳ್ಳು ಎದ್ದು ನಿಂತಿತು.

ಸಮಿತಿಯ ಸದಸ್ಯರು ತಮ್ಮ ಕೊಠಡಿಗಳಿಂದ ಎದ್ದು ಬಂದರು. ಅದುವರೆಗೆ ಆ ಸಭಾಂಗಣದಲ್ಲಿ ಯಾರೂ ಅಷ್ಟು ಕೆಲಸ ಮಾಡಿದ್ದನ್ನು ಅವರು ನೋಡಿರಲಿಲ್ಲ.

"ಇಪ್ಪತ್ತಾರು," ಮೀಟರು ನೋಡಿ ಗುಮಾಸ್ತರು ಕೂಗಿದರು. "ಘಾಟಿ ರಸ್ತೆಯಲ್ಲಿ ಇಪ್ಪತ್ತರ ಮೇಲೆ ಹೋಗುವಂತಿಲ್ಲ. ಬೈಕಣ್ಣ, ನಿಮಗೆ ನೋಟಿಸು ಕೊಡಬೇಕಾಗುತ್ತೆ."

"ಕೊಡಿ ಸಾರ್," ಅಂದ ಬೈಕಣ್ಣ. "ಅಕ್ಕ, ನಿಲ್ಲಿಸಬೇಡಿ."

ದಾರಿಯಲ್ಲಿ ಐದು ಹಳ್ಳಿ. ಪ್ರತಿ ಹಳ್ಳಿಯಲ್ಲೂ ಗಾಡಿ ನಿಂತು, ಮುದ್ರೆ ಒಡೆದು, ಇಪ್ಪತ್ತು ನಿಮಿಷ ಕಾದು, ಯಾರೂ ಬಾರದಿರಲು "ಫಲಾನುಭವಿಗಳು ಗೈರು" ಎಂದು ಬರೆದು, ಮತ್ತೆ ಮುದ್ರೆ ಹಾಕಲಾಯಿತು. ಪ್ರತಿ ಬಾರಿಯೂ ಚೀಲದ ಬಾಯಿ ತೆರೆದಾಗ ದರ್ಜಿ ಹೆಂಗಸಿಗೆ ತನ್ನ ಮಗಳ ಮಾತ್ರೆಯ ಪೊಟ್ಟಣ ಕಾಣುತ್ತಿತ್ತು. ನಾಲ್ಕೂವರೆಗೆ ಗಾಡಿ ಮೂವತ್ತೆಂಟನೇ ಕಿಲೋಮೀಟರು ತಲುಪಿತು. ಅವಳ ಬೆರಳಿನ ಗೆಣ್ಣುಗಳು ಸುಲಿದಿದ್ದವು. ಪೊಟ್ಟಣ ಕೊಡುವ ಮುಂಚೆ ಗುಮಾಸ್ತರು ರಶೀದಿ ಮುಂದಿಟ್ಟರು: "ಮಾತ್ರೆ ನನ್ನ ಮನೆ ಬಾಗಿಲಿಗೆ ತಲುಪಿದೆ."

"ಇದು ನನ್ನ ಮನೆ ಬಾಗಿಲಾ?"

"ಅಲ್ಲಮ್ಮ. ಆದರೆ ಮಾತ್ರೆ ತಲುಪಿದೆಯೋ ಇಲ್ಲವೋ?"

ಅವಳಿಗೆ ಹಾಲಿನ ವ್ಯಾನು ತಪ್ಪಿಹೋಗುವುದಿತ್ತು. ಸಹಿ ಮಾಡಿದಳು.

ಆ ಸಹಿಯಿಂದ ಇಲಾಖೆಯ ಇತಿಹಾಸವೇ ಬದಲಾಯಿತು. ದೊಡ್ಡ ಸಾಹೇಬರು ಮೇಲಿನವರಿಗೆ ವರದಿ ಕಳಿಸಿದರು: ಪೆಟ್ರೋಲ್ ಖರ್ಚು ಸೊನ್ನೆ, ಅಪಘಾತ ಸೊನ್ನೆ, ಟೈರು ಸವೆತ ಸೊನ್ನೆ, ಮನೆ ಬಾಗಿಲಿಗೆ ವಿತರಣೆ ಯಶಸ್ವಿ. ಮೇಲಿನವರು ಮೆಚ್ಚಿ, ಇದನ್ನು ಪರೀಕ್ಷೆಯೆಂದು ಕರೆಯುವುದು ಬೇಡ, ಪದ್ಧತಿಯೆಂದೇ ಕರೆಯಿರಿ ಎಂದು ಉತ್ತರ ಬರೆದರು. ಸಭಾಂಗಣದ ಹೊರಗಿನ ಓಣಿಯಲ್ಲಿ ಗೋಡೆಯುದ್ದಕ್ಕೂ ಒಂಬತ್ತು ಫಲಕ ಜಡಿದರು. ಆಯಾ ಹಳ್ಳಿಯವರು ಬೆಟ್ಟ ಇಳಿದು ಬಂದು ತಮ್ಮ ಕಿಲೋಮೀಟರಿನ ಫಲಕದ ಕೆಳಗೆ ನಿಲ್ಲುವುದು. ತಮ್ಮ ಸರದಿ ಬಂದಾಗ ಒಳಗೆ ಹೋಗಿ ಚಕ್ರ ತಿರುಗಿಸಿ ಗಾಡಿಯನ್ನು ತಮ್ಮ ಹಳ್ಳಿಗೆ ಕರೆಸಿಕೊಳ್ಳುವುದು. ನಲವತ್ತಾರನೇ ಕಿಲೋಮೀಟರಿನ ಮುದುಕರಿಗೆ ತಿರುಗಿಸಲು ಶಕ್ತಿಯಿಲ್ಲದಿದ್ದರೆ ಮೂವತ್ತೆಂಟರವರು ತಿರುಗಿಸಿಕೊಡಬಹುದು. ಆದರೆ ಅದನ್ನು ಸಹಾಯವೆಂದು ಬರೆಯಕೂಡದು, ಇಳಿಜಾರು ಎಂದು ಬರೆಯತಕ್ಕದ್ದು.

ಕೆಲವರು ಕೇಳಿದರು: ಇಳಿದು ಬಂದದ್ದು ನಾವು, ತಿರುಗಿಸೋದು ನಾವು, ಬೈಕಣ್ಣ ಕೂತಿರೋದು ಯಾಕೆ?

"ಓಡಿಸೋರು ಒಬ್ಬರು ಬೇಕಲ್ಲ," ಅಂದರು ದೊಡ್ಡ ಸಾಹೇಬರು.

ಎಂಟು ತಿಂಗಳಿಗೆ ಸಮಿತಿಯ ಅಂತಿಮ ತೀರ್ಮಾನ ಬಂತು. ಭಾಮೈದನ ಜೋಡಿ ಚೀಲ ಆಯ್ಕೆಯಾಯಿತು. ಗಾಡಿ ಒಂದೇ ಇದ್ದರೂ ನಲವತ್ತು ಜೊತೆ ಕೊಂಡರು. ಒಂದು ಜೊತೆ ಕೊಂಡರೆ ಅದು ಖರೀದಿ. ನಲವತ್ತು ಜೊತೆ ಕೊಂಡರೆ ಅದು ಯೋಜನೆ. ಈಗ ಮಂಜೂರಾದ ಚೀಲ ಬಂತಲ್ಲ, ಇನ್ನು ಬೆಟ್ಟಕ್ಕೆ ಹೊರಡಲೇ ಎಂದು ಬೈಕಣ್ಣ ಕೇಳಿದ. ಹೆಲ್ಮೆಟ್ ಹಾಕಿಕೊಂಡೇ ಕೇಳಿದ. ಪದ್ಧತಿ ಹೀಗೆ ಚೆನ್ನಾಗಿ ನಡೆಯುತ್ತಿರುವಾಗ ರಸ್ತೆಗಿಳಿದು ಹೊಸ ಸಾಹಸ ಮಾಡುವುದು ಏಕೆ ಎಂದು ಅವನಿಗೆ ಲಿಖಿತವಾಗಿ ಕೇಳಲಾಯಿತು. ಅವನು ಉತ್ತರ ಬರೆದ. ಉತ್ತರ ಕಡತದಲ್ಲಿದೆ.

ಹೊಸ ಚೀಲಗಳಿಗೂ ಸುಖವಿರಲಿಲ್ಲ. ಅದೇ ದಾಸ್ತಾನು ತಪಾಸಣೆಯ ಅಧಿಕಾರಿ ಮತ್ತೆ ಬಂದರು. "ಪುಸ್ತಕದಲ್ಲಿ ನಲವತ್ತು ಜೊತೆ ಇದೆ, ಬಳಕೆಯಲ್ಲಿ ಒಂದೇ ಜೊತೆ. ಉಳಿದ ಮೂವತ್ತೊಂಬತ್ತು ಏಕೆ ಸುಮ್ಮನೆ ಇವೆ?" ಎಂದು ಬರೆದರು. ಆ ಪದ ಈಗ ಅವರಿಗೆ ರೂಢಿಯಾಗಿತ್ತು.

ಬಳಸುವವರು ಯಾರು? ಪ್ರವಾಸ ಮಾಡುವವರು. ಪ್ರವಾಸ ಮಾಡುತ್ತಿರುವವರು ಯಾರು? ಕಚೇರಿಯಲ್ಲಿ ಯಾರೂ ಅಲ್ಲ. ನಡೆದು ಬರುವವರು, ನಡೆದು ಹೋಗುವವರು. ಅವರಿಗೇ ಚೀಲ ಕೊಡುವುದೆಂದಾಯಿತು. ಆದರೆ ಮೋಟಾರ್ ಸೈಕಲ್ಲಿಗೆಂದು ಕೊಂಡ ವಸ್ತುವನ್ನು ಮನುಷ್ಯರಿಗೆ ಕೊಡಲು ಅವಕಾಶವಿಲ್ಲ. ಸುತ್ತೋಲೆ ಹೀಗಿತ್ತು:

"ಚೀಲ ಪಡೆಯುವ ವ್ಯಕ್ತಿಯನ್ನು ಚೀಲದ ಮಟ್ಟಿಗೆ ದ್ವಿಚಕ್ರ ವಾಹನವೆಂದು ಪರಿಗಣಿಸತಕ್ಕದ್ದು. ವ್ಯಕ್ತಿಯ ಬೆನ್ನಿಗೆ ನೋಂದಣಿ ಸಂಖ್ಯೆಯ ಫಲಕ ಕಟ್ಟತಕ್ಕದ್ದು. ಚೀಲ ಎರಡೂ ಭುಜಗಳಿಂದ ಸಮನಾಗಿ ಇಳಿಬಿದ್ದು, ತಿರುವಿನಲ್ಲಿ ಓಲಾಡಬಾರದು. ಹೆಲ್ಮೆಟ್ ಕಡ್ಡಾಯ. ಜೊತೆಯಲ್ಲಿ ಮಕ್ಕಳಿದ್ದರೆ ಅವರನ್ನು ಹಿಂಬದಿ ಸವಾರರೆಂದು ನಮೂದಿಸಿ, ಅವರಿಗೂ ಹೆಲ್ಮೆಟ್ ನೀಡತಕ್ಕದ್ದು."

ಚೀಲ ಕೊಡುವ ದಿನ ಮೂವತ್ತೆಂಟನೇ ಫಲಕದ ಕೆಳಗೆ ದರ್ಜಿ ಹೆಂಗಸು ನಿಂತಿದ್ದಳು. ಈ ಸಲ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಸರದಿ ತಿಂಗಳಿಂದ ತಿಂಗಳಿಗೆ ಎರಡು ಮೂರು ದಿನ ಹಿಂದೆ ಬೀಳುತ್ತಿತ್ತು. ಮಾತ್ರೆಯಿಲ್ಲದ ಆ ದಿನಗಳಲ್ಲಿ ಹುಡುಗಿಯನ್ನು ಪಕ್ಕದ ಮನೆಯವರು ಇಟ್ಟುಕೊಳ್ಳಲು ಹೆದರುತ್ತಿದ್ದರು. ಹುಡುಗಿ ಅರ್ಧ ಹಲ್ಲಿನಲ್ಲಿ ನಗುತ್ತಾ ಓಣಿಯುದ್ದಕ್ಕೂ ಓಡಾಡಿ, ಸಭಾಂಗಣದೊಳಗೆ ಗಾಡಿಯ ಹತ್ತಿರ ಬಂದಳು.

"ಬೈಕ್ ಮಾಮ, ನೀವು ಹೋದ ತಿಂಗಳು ನಮ್ಮೂರಿಗೆ ಬಂದಿದ್ರಂತೆ. ನಾನು ಮನೇಲೇ ಇದ್ದೆ. ಕಾಣಲೇ ಇಲ್ಲ."

ಬೈಕಣ್ಣ ಗಾಡಿಯ ಮೇಲಿಂದ ಅವಳ ತಲೆ ಸವರಿದ. "ಬೇಗ ಬಂದು ಬೇಗ ಹೊರಟೆ ಪುಟ್ಟಿ."

"ನಮ್ಮನೆ ಮುಂದಿನ ಮೋರಿ ಕುಸಿದಿದೆ, ಗೊತ್ತಾ?"

"ಗೊತ್ತಿಲ್ಲ ಕಣೇ. ಡೈರಿಯಲ್ಲಿ ರಸ್ತೆ ಚೆನ್ನಾಗಿದೆ ಅಂತ ಬರೆದಿದ್ದೀನಿ."

ಮೇಜಿನ ಬಳಿ ತಾಯಿ ಹೊಸ ಚೀಲವನ್ನು ಒಳಹೊರಗು ಮಾಡಿ ಅಡಿ ನೋಡುತ್ತಿದ್ದಳು. ಉಗುರಿನಲ್ಲಿ ಹೊಲಿಗೆ ಎಳೆದಳು; ದಾರ ಕೈಗೇ ಬಂತು. "ಒಂಟಿ ಎಳೆ ದಾರ. ಮೊದಲ ಮಳೆಗೇ ನೀರು ಹೋಗುತ್ತೆ."

"ಎಂಟು ತಿಂಗಳು ಮಳೆ ತಡೆದಿದೆಯಮ್ಮ, ಇದೇ ಸಭಾಂಗಣದಲ್ಲಿ," ಅಂದರು ಗುಮಾಸ್ತರು.

"ನಾನು ಹೊಲಿದ ಚೀಲ ಕೊಟ್ಟುಬಿಡಿ. ಅದೇ ಹೊರುತ್ತೀನಿ."

"ಅದಿನ್ನೂ ವಿಚಾರಣೆಯಲ್ಲಿದೆ."

ಭುಜದ ಅಳತೆ ತೆಗೆದುಕೊಂಡರು. ಗಾಡಿಯ ಸೀಟಿನ ಅಗಲಕ್ಕೆ ಮಾಡಿದ ಪಟ್ಟಿ ಅವಳ ಭುಜಕ್ಕೆ ದೊಡ್ಡದಾಯಿತು. ಭುಜ ಕಿರಿದಾಗಿದೆ ಎಂದು ಬರೆದುಕೊಂಡರು. ಬೆನ್ನಿಗೆ ಫಲಕ ಕಟ್ಟಿದರು. ಓಣಿಯ ಆ ತುದಿಯಿಂದ ಈ ತುದಿಗೆ ನಡೆಸಿ, ತಿರುಗಿಸಿ, ಚೀಲ ಓಲಾಡುವುದೋ ಎಂದು ಸಮಿತಿ ಸಾಲಾಗಿ ನಿಂತು ನೋಡಿತು. ತಾಯಿಯ ಹಿಂದೆ ಎರಡು ಹೆಜ್ಜೆಗೆ ಹುಡುಗಿ, ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡು.

"ಅಮ್ಮಾ, ನಿನಗೆ ಹಾರ್ನ್ ಇಲ್ಲ."

"ನನ್ನ ಬಾಯಿ ಇದೆಯಲ್ಲ. ಸುಮ್ಮನೆ ಹಿಂದೆ ಬಾ."

ಇಪ್ಪತ್ತನೇ ಕಿಲೋಮೀಟರಿನ ಫಲಕದ ಹತ್ತಿರ ಹಿಂದಿನ ಹೆಜ್ಜೆ ನಿಂತುಹೋಯಿತು. ತಾಯಿ ತಿರುಗುವಷ್ಟರಲ್ಲಿ ಹುಡುಗಿ ಬಿದ್ದಿದ್ದಳು. ಹೆಲ್ಮೆಟ್ ಕಲ್ಲಿನ ನೆಲಕ್ಕೆ ಬಡಿದ ಸದ್ದು ಸಭಾಂಗಣದೊಳಗೂ ಕೇಳಿತು. ಬೈಕಣ್ಣ ಮೂವತ್ತೊಂದನೇ ಕಿಲೋಮೀಟರಿನಲ್ಲಿ ಗಾಡಿಯಿಂದ ಧುಮುಕಿ ಓಡಿ ಬಂದ. ಪ್ರವಾಸದ ಮಧ್ಯೆ ವಾಹನ ತೊರೆದದ್ದಕ್ಕೆ ಅವನಿಗೆ ಆಮೇಲೆ ನೋಟಿಸು ಹೋಯಿತು. ತಾಯಿ ಚೀಲ ಕಳಚಿ ಎಸೆದು, ಮಗಳನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡು ಕೂತಳು. ಕೈಕಾಲು ಸೆಳೆತ ನಿಲ್ಲಲು ಮೂರು ನಿಮಿಷ ಹಿಡಿಯಿತು.

ಹಿರಿಯ ಜವಾನರು ಗಾಡಿಯ ಚೀಲದ ಮುದ್ರೆಯನ್ನು ಯಾರನ್ನೂ ಕೇಳದೆ ಹಲ್ಲಿನಿಂದ ಕಚ್ಚಿ ಒಡೆದು, ಮಾತ್ರೆಯ ಪೊಟ್ಟಣ ತಂದು ತಾಯಿಯ ಕೈಯಲ್ಲಿಟ್ಟರು. ಅವರಿಗೆ ನಿವೃತ್ತಿಗೆ ಒಂದು ವಾರವಿತ್ತು.

ದೊಡ್ಡ ಸಾಹೇಬರು ಬಗ್ಗಿ ಹೆಲ್ಮೆಟನ್ನು ತಟ್ಟಿ ನೋಡಿದರು. ಬಿರುಕಿರಲಿಲ್ಲ. ಸಮಿತಿ ಅಲ್ಲೇ ನಿಂತು ನಡಾವಳಿ ಬರೆಯಿತು: "ಹಿಂಬದಿ ಸವಾರರು ಬಿದ್ದರು. ಹೆಲ್ಮೆಟ್ ತೃಪ್ತಿಕರ. ಚೀಲ ಓಲಾಡಲಿಲ್ಲ." ಆ ಕಚೇರಿಯಲ್ಲಿ ಎಂಟು ತಿಂಗಳು ನಡೆದ ಪರೀಕ್ಷೆಗಳಲ್ಲಿ ನಿಜವಾಗಿ ನಡೆದದ್ದು ಅದೊಂದೇ.

ಹುಡುಗಿ ಕಣ್ಣು ಬಿಟ್ಟಾಗ ತಾಯಿ ಅವಳ ಬಾಯಿ ಒರೆಸಿ, ನೀರು ಕುಡಿಸಿ, ಮಾತ್ರೆ ನುಂಗಿಸಿದಳು. ಉಳಿದ ಪೊಟ್ಟಣವನ್ನು ಮಂಜೂರಾದ ಚೀಲದಲ್ಲಿ ಇಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರವಿಕೆಯೊಳಗೆ ಸಿಕ್ಕಿಸಿಕೊಂಡಳು. ಆಮೇಲೆ ಎದ್ದು, ಖಾಲಿ ಚೀಲಗಳನ್ನು ಎರಡೂ ಭುಜದ ಮೇಲೆ ಸರಿಯಾಗಿ ಹಾಕಿಕೊಂಡು, ಮಗಳ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಒಂದು ತೂತು ಬಿಗಿ ಮಾಡಿದಳು.

"ಅಮ್ಮಾ, ಇದನ್ನು ಮನೇಲೂ ಹಾಕ್ಕೊಂಡಿರಬೇಕಾ?"

"ಹಾಕ್ಕೊಂಡಿರು ಮಗಳೇ. ಒಲೆ ಹತ್ತಿರ ಹೋಗುವಾಗ ಮರೀಬೇಡ." ಗುಮಾಸ್ತರ ಕಡೆ ತಿರುಗಿ ಅವಳು ಹೇಳಿದಳು, "ಇದೊಂದು ಒಳ್ಳೇದು ಮಾಡಿದಿರಿ ಸ್ವಾಮಿ. ಮಾತ್ರೆ ಬರೋವರೆಗೆ ತಲೆ ಉಳಿಯುತ್ತೆ."

ಗುಮಾಸ್ತರು ಆ ಮಾತನ್ನು ಫಲಾನುಭವಿಯ ಮೆಚ್ಚುಗೆ ಎಂಬ ಕಾಲಮ್ಮಿನಲ್ಲಿ ಬರೆದುಕೊಂಡರು. ಈಗ ಬೆಟ್ಟದ ದಾರಿಯಲ್ಲಿ ತಿಂಗಳಿಗೊಮ್ಮೆ ಮೂವತ್ತೊಂಬತ್ತು ವಾಹನಗಳು ಬೆನ್ನಿಗೆ ನಂಬರು ಕಟ್ಟಿಕೊಂಡು ಸಾಲಾಗಿ ಇಳಿಯುತ್ತವೆ, ಸಾಲಾಗಿ ಹತ್ತುತ್ತವೆ. ಎದುರಿಗೆ ಸಿಕ್ಕ ಹಾಲಿನ ವ್ಯಾನಿಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಬೈಕಣ್ಣ ಹುಡುಗಿ ಬಿದ್ದ ದಿನದ ಡೈರಿಯಲ್ಲಿ ಹೀಗೆ ಬರೆದಿದ್ದಾನೆ, ಕೆಳಗೆ ಏಳೂ ಸದಸ್ಯರ ಸಹಿ ಇದೆ: "ಮೂವತ್ತೆಂಟನೇ ಕಿಲೋಮೀಟರು. ಮಾತ್ರೆ ಮನೆ ಬಾಗಿಲಿಗೆ ತಲುಪಿಸಿದೆ. ರಸ್ತೆ ಚೆನ್ನಾಗಿದೆ. ದಾರಿಯಲ್ಲಿ ಯಾರೂ ಸಿಗಲಿಲ್ಲ."